ಅಮ್ಮನ ಮೊಣಕಾಲು ನೋವಿಗೆ ಟೆನ್ಸ್ ಮಷಿನ್ ತಗೊಳ್ಳಬಹುದಾ?

ಪ್ರಶ್ನೆ: ನಮ್ಮ ತಾಯಿಗೆ 64 ವರ್ಷ. ಐದಾರು ವರ್ಷದಿಂದ ಎರಡೂ ಮೊಣಕಾಲು ನೋವು, ಜೊತೆಗೆ ಸೊಂಟ ನೋವು. ಎಕ್ಸ್‌ರೇ ನೋಡಿ ಸವೆತ ಅಂದರು. ಶುಗರ್ ಕೂಡ ಇದೆ. ಇಷ್ಟು ದಿನ ನೋವಿನ ಮಾತ್ರೆ ನುಂಗಿಕೊಂಡೇ ಮನೆಕೆಲಸ ಮಾಡುತ್ತಿದ್ದರು. ಕಳೆದ ತಿಂಗಳು ರಕ್ತ ಪರೀಕ್ಷೆಯಲ್ಲಿ ಕ್ರಿಯೇಟಿನಿನ್ (ಕಿಡ್ನಿಯ ಕೆಲಸ ಹೇಗಿದೆ ಎಂದು ತೋರಿಸುವ ಅಂಕಿ) ಏರಿದೆ ಎಂದು ಡಾಕ್ಟರ್ ಆ ಮಾತ್ರೆಗಳನ್ನು ಪೂರ್ತಿ ನಿಲ್ಲಿಸಿದ್ದಾರೆ. ಫಿಸಿಯೋಥೆರಪಿಯಲ್ಲಿ ಹತ್ತು ದಿನ ಕರೆಂಟ್ ಕೊಟ್ಟರು. ಆ ಹೊತ್ತಿಗೆ ಹಾಯೆನಿಸುತ್ತಿತ್ತು, ಮನೆಗೆ ಬರುವಷ್ಟರಲ್ಲಿ ಮತ್ತೆ ಅದೇ ನೋವು. ಈಗ ಆನ್‌ಲೈನ್‌ನಲ್ಲಿ ಟೆನ್ಸ್ ಮಷಿನ್ ನೋಡಿದ್ದೇನೆ. ತಗೊಳ್ಳಬಹುದಾ? ಇದರಿಂದ ನೋವು ಪೂರ್ತಿ ಹೋಗುತ್ತದಾ? ನರಗಳಿಗೆ ಏನಾದರೂ ತೊಂದರೆ ಆಗುತ್ತದಾ? ತಂದೆಗೂ ಭುಜದ ನೋವಿದೆ, ಅವರಿಗೆ ಪೇಸ್‌ಮೇಕರ್ ಹಾಕಿದೆ. ಅವರೂ ಇದನ್ನೇ ಬಳಸಬಹುದಾ?

ಉತ್ತರ: ಟೆನ್ಸ್ ಅಂದರೆ ಚರ್ಮದ ಮೇಲೆ ಪ್ಯಾಡ್ ಅಂಟಿಸಿ, ನೋವು ತಗ್ಗಿಸಲು ಸಣ್ಣ ಸಣ್ಣ ಕರೆಂಟ್ ಮಿಡಿತಗಳನ್ನು (ಪಲ್ಸ್) ಕಳಿಸುವ ಚಿಕ್ಕ ಬ್ಯಾಟರಿ ಮಷಿನ್. ಮೊದಲು ತಂದೆಯವರ ವಿಷಯ ಹೇಳಿಬಿಡುತ್ತೇನೆ. ಪೇಸ್‌ಮೇಕರ್ ಇರುವವರು ಮನೆಯಲ್ಲಿ ಟೆನ್ಸ್ ಬಳಸಬಾರದು. ಭುಜಕ್ಕಂತೂ ಬೇಡವೇ ಬೇಡ. ಪೇಸ್‌ಮೇಕರ್ ಹೃದಯದ ಬಡಿತವನ್ನು ಸದಾ ಗಮನಿಸುತ್ತಿರುತ್ತದೆ. ಬಡಿತ ಬಂದರೆ ಸುಮ್ಮನಿರುತ್ತದೆ, ಬರದಿದ್ದರೆ ತಾನೇ ಕರೆಂಟ್ ಕೊಟ್ಟು ಬಡಿಸುತ್ತದೆ. ಟೆನ್ಸ್ ಕಳಿಸುವ ಪಲ್ಸ್‌ಗಳನ್ನು ಅದು ಹೃದಯದ ಬಡಿತ ಅಂತ ತಪ್ಪಾಗಿ ಓದಿಕೊಂಡರೆ, ಕೆಲಸ ಮಾಡಬೇಕಾದ ಹೊತ್ತಲ್ಲೇ ಸುಮ್ಮನಿದ್ದುಬಿಡಬಹುದು. ಐಸಿಡಿ (ಬಡಿತ ಅಪಾಯಕರವಾಗಿ ಕೆಟ್ಟಾಗ ಶಾಕ್ ಕೊಟ್ಟು ಸರಿಮಾಡುವ ಸಾಧನ) ಹಾಕಿಸಿಕೊಂಡವರಿಗೆ ಇದರ ತಿರುಗುಮುರುಗು ಆಗಬಹುದು, ಬೇಡದ ಹೊತ್ತಲ್ಲಿ ಶಾಕ್ ಬೀಳಬಹುದು. ಮನೆಗೆ ಮಷಿನ್ ತಂದ ದಿನವೇ ತಂದೆಗೆ ಇದನ್ನು ಬಿಡಿಸಿ ಹೇಳಿ. 'ಅವಳಿಗೆ ಚೆನ್ನಾಗಿದೆ, ನಾನೂ ಒಂದು ಸಲ ನೋಡ್ತೀನಿ' ಅನ್ನುವುದು ಮನೆಯಲ್ಲಿ ತುಂಬಾ ಸಹಜ. ಅವರ ಭುಜದ ನೋವು ಎಡಗಡೆ ಇದ್ದರೆ, ನಡೆಯುವಾಗ ಜಾಸ್ತಿ ಆಗುತ್ತಿದ್ದರೆ, ಮೊದಲು ಹೃದಯದ ಡಾಕ್ಟರಿಗೆ ತೋರಿಸಿ. ಹಾಗಿಲ್ಲದಿದ್ದರೆ ಬಿಸಿ ಶಾಖ, ಭುಜದ ವ್ಯಾಯಾಮ ಇವೆ. ಅದನ್ನು ಹತ್ತಿರದ ಫಿಸಿಯೋ ಹೇಳಿಕೊಡುತ್ತಾರೆ.

ಇನ್ನು ತಾಯಿಯವರ ವಿಷಯ. ತಗೊಳ್ಳಬಹುದು. ಆದರೆ ಮಲಗಿಕೊಂಡು ಹಾಕಿಕೊಳ್ಳುವುದಕ್ಕಲ್ಲ, ಎದ್ದು ಓಡಾಡುವಾಗ ಹಾಕಿಕೊಳ್ಳುವುದಕ್ಕೆ. ನಾನು ಹೇಳಬೇಕಾದ ಮುಖ್ಯ ಮಾತು ಇದೊಂದೇ. ಉಳಿದದ್ದೆಲ್ಲ ಇದು ಯಾಕೆ ಮತ್ತು ಹೇಗೆ ಎನ್ನುವುದರ ವಿವರ.

ನೋವಿನ ಮಾತ್ರೆ ನಿಲ್ಲಿಸಿದ್ದು ಸರಿಯಾದ ಕೆಲಸ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆಗಳು ನೋವು ತಗ್ಗಿಸುವ ದಾರಿಯಲ್ಲೇ ಕಿಡ್ನಿಗೆ ಹೋಗುವ ರಕ್ತವನ್ನೂ ಕಡಿಮೆ ಮಾಡುತ್ತವೆ. ಶುಗರ್‌ನಿಂದ ಮೊದಲೇ ದಣಿದ ಕಿಡ್ನಿ ಅದನ್ನು ತಡೆದುಕೊಳ್ಳುವುದಿಲ್ಲ. ನೋವು ತಾಳಲಾರದೆ ಮೆಡಿಕಲ್ ಶಾಪ್‌ನಲ್ಲಿ 'ಒಂದೇ ಒಂದು ಕೊಡಿ' ಅಂತ ಕೇಳುವುದು, ಯಾರೋ ಕೊಟ್ಟ ಹೆಸರಿಲ್ಲದ ಪುಡಿ ತಿನ್ನುವುದು, ಇವೆರಡೂ ಆಗದಂತೆ ನೋಡಿಕೊಳ್ಳಿ. ಅಂಥ ಪುಡಿಗಳಲ್ಲಿ ಏನು ಬೆರೆಸಿರುತ್ತಾರೋ ಯಾರಿಗೂ ಗೊತ್ತಿರುವುದಿಲ್ಲ. ಪ್ಯಾರಾಸಿಟಮಾಲ್ ಆಗಬಹುದಾ, ಮೇಲೆ ಹಚ್ಚುವ ಜೆಲ್ ಆಗಬಹುದಾ ಎನ್ನುವುದನ್ನು ಕಿಡ್ನಿ ನೋಡುವ ಡಾಕ್ಟರನ್ನೇ ಕೇಳಿ.

ಈಗ ಮಷಿನ್ ಏನು ಮಾಡುತ್ತದೆ ನೋಡೋಣ. ಮೊಣಕೈ ಬಾಗಿಲಿಗೆ ಬಡಿದಾಗ ನಾವು ತಕ್ಷಣ ಆ ಜಾಗ ಉಜ್ಜಿಕೊಳ್ಳುತ್ತೇವೆ, ಅಲ್ವಾ? ಉಜ್ಜಿದರೆ ನೋವು ನಿಜವಾಗಿಯೂ ತಗ್ಗುತ್ತದೆ. ಚರ್ಮದಿಂದ ಬೆನ್ನುಹುರಿಗೆ ಸುದ್ದಿ ಒಯ್ಯುವ ನರದ ಎಳೆಗಳಲ್ಲಿ ದಪ್ಪನೆಯವೂ ಇವೆ, ತೆಳ್ಳನೆಯವೂ ಇವೆ. ಮುಟ್ಟಿದ್ದು, ಒತ್ತಿದ್ದು, ನಡುಗಿದ್ದು ದಪ್ಪ ಎಳೆಗಳಲ್ಲಿ ಹೋಗುತ್ತದೆ, ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ. ದಿನವಿಡೀ ಕೊರೆಯುವ ಮಂದ ನೋವು ಹೋಗುವುದು ತೀರ ತೆಳ್ಳನೆಯ ಎಳೆಗಳಲ್ಲಿ, ಸೆಕೆಂಡಿಗೆ ಹೆಚ್ಚೆಂದರೆ ಎರಡು ಮೀಟರ್. ಇವೆರಡೂ ಬೆನ್ನುಹುರಿಯಲ್ಲಿ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ದಪ್ಪ ಎಳೆಗಳಿಂದ ಸುದ್ದಿ ಜೋರಾಗಿ ಬರುತ್ತಿದ್ದರೆ, ನೋವಿನ ಸುದ್ದಿಗೆ ಅಲ್ಲಿ ಗೇಟ್ ಅರ್ಧ ಮುಚ್ಚಿಕೊಳ್ಳುತ್ತದೆ. ಮಿದುಳಿಗೆ ತಲುಪುವ ನೋವು ಕಡಿಮೆಯಾಗುತ್ತದೆ. 1965ರಲ್ಲಿ ಕೆನಡಾದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಜಾಕ್ ಮತ್ತು ಬ್ರಿಟನ್ನಿನ ನರವಿಜ್ಞಾನಿ ಪ್ಯಾಟ್ರಿಕ್ ವಾಲ್ ಈ ವಿಚಾರವನ್ನು ಮುಂದಿಟ್ಟರು. ಗೇಟ್ ಕಂಟ್ರೋಲ್ ಸಿದ್ಧಾಂತ ಅಂತ ಇದಕ್ಕೆ ಹೆಸರು. ಸಣ್ಣ ವಿವರಗಳಲ್ಲಿ ಆಮೇಲೆ ತಿದ್ದುಪಡಿ ಆಗಿದೆ, ಬುಡದ ವಿಚಾರ ಉಳಿದಿದೆ.

ದಪ್ಪ ಎಳೆಗಳಿಗೆ ಇನ್ನೊಂದು ಗುಣವಿದೆ. ಹೊರಗಿನಿಂದ ಸಣ್ಣ ಕರೆಂಟ್ ಕೊಟ್ಟರೆ ಮೊದಲು ಎಚ್ಚರವಾಗುವುದು ಅವೇ. ತೆಳ್ಳನೆಯ ನೋವಿನ ಎಳೆ ಕೆರಳಬೇಕಾದರೆ ತುಂಬಾ ಜಾಸ್ತಿ ಕರೆಂಟ್ ಬೇಕು. ಹಾಗಾಗಿ ಕರೆಂಟನ್ನು ಸರಿಯಾದ ಮಟ್ಟದಲ್ಲಿ ಇಟ್ಟರೆ ನೋವಾಗದಂತೆ ಜುಮ್ಮೆನಿಸುವುದನ್ನು ಮಾತ್ರ ಹುಟ್ಟಿಸಬಹುದು.

ವಾಲ್ ಮತ್ತು ಬಾಸ್ಟನ್ನಿನ ನರಶಸ್ತ್ರಚಿಕಿತ್ಸಕ ವಿಲಿಯಂ ಸ್ವೀಟ್ ಇದನ್ನು ಮನುಷ್ಯರ ಮೇಲೆ ನೋಡಿ 1967ರಲ್ಲಿ ಪ್ರಕಟಿಸಿದರು. ತೀವ್ರ ನೋವಿದ್ದ ಎಂಟು ಜನರ ನರಗಳಿಗೆ ಸೆಕೆಂಡಿಗೆ 100 ಪಲ್ಸ್‌ನಂತೆ ಕರೆಂಟ್ ಕೊಟ್ಟರು. ಜುಮ್ಮೆನ್ನುವವರೆಗೆ ಏರಿಸಿದರು. ಕರೆಂಟ್ ಇದ್ದಷ್ಟು ಹೊತ್ತು, ಮುಟ್ಟಿದರೆ ನೋಯುತ್ತಿದ್ದ ಜಾಗ ಒತ್ತಿದರೂ ನೋಯಲಿಲ್ಲ. ನಾಲ್ಕು ಜನರಿಗೆ ಎರಡೇ ನಿಮಿಷದ ಕರೆಂಟಿನಿಂದ ಅರ್ಧ ಗಂಟೆಗೂ ಮೀರಿ ಆರಾಮ ಸಿಕ್ಕಿತು. ನೀವು ಈಗ ನೋಡುತ್ತಿರುವ ಮಷಿನ್‌ಗಳಲ್ಲಿ 100 ಹರ್ಟ್ಸ್ ಅಂತ ಬರೆದಿರುತ್ತದಲ್ಲ, ಆ ಲೆಕ್ಕ ಅಂದಿನಿಂದ ನಡೆದುಬಂದದ್ದು. ಅದೇ ಕಾಲದಲ್ಲಿ ಅಮೆರಿಕದ ನಾರ್ಮನ್ ಶೀಲಿ ಎಂಬ ಸರ್ಜನ್ ಬೆನ್ನುಹುರಿಯ ಹಿಂದೆ ಎಲೆಕ್ಟ್ರೋಡ್ ಇಡುವ ಆಪರೇಶನ್ ಶುರು ಮಾಡಿದರು. ಆಪರೇಶನ್ನಿಗೆ ಮುಂಚೆ, ಈ ರೋಗಿಗೆ ಕರೆಂಟ್ ಹಿಡಿಸುತ್ತದಾ ಅಂತ ನೋಡಲು ಚರ್ಮದ ಮೇಲೆ ಪ್ಯಾಡ್ ಇಟ್ಟು ಪರೀಕ್ಷೆ ಮಾಡುತ್ತಿದ್ದರು. ಕೆಲವರಿಗೆ ಆ ಪ್ಯಾಡ್‌ನಿಂದಲೇ ನೋವು ತಗ್ಗಿತು. ಟೆನ್ಸ್ ಹೀಗೆ ಒಂದು ಸ್ವಂತ ಚಿಕಿತ್ಸೆಯಾಯಿತು.

ಗೇಟ್ ಒಂದೇ ಅಲ್ಲ, ದೇಹ ತಾನೇ ತಯಾರಿಸುವ ನೋವುನಿವಾರಕಗಳೂ ಈ ಕೆಲಸದಲ್ಲಿ ಸೇರಿವೆ. ಕರೆಂಟಿನಿಂದ ಬೆನ್ನುಹುರಿಯಲ್ಲೂ ಮಿದುಳಿನ ಬುಡದಲ್ಲೂ ಎಂಡಾರ್ಫಿನ್ ಥರದ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ಪಲ್ಸಿನ ವೇಗ ಕಡಿಮೆ ಇದ್ದಾಗ ಒಂದು ಬಗೆಯ ಗ್ರಾಹಕಗಳು (ಆ ರಾಸಾಯನಿಕ ಬಂದು ಕೂರುವ ಜಾಗಗಳು), ಜಾಸ್ತಿ ಇದ್ದಾಗ ಇನ್ನೊಂದು ಬಗೆಯವು ಕೆಲಸಕ್ಕೆ ಬರುತ್ತವೆ. ಇದು ಸುಮ್ನೆ ಪುಸ್ತಕದ ವಿಷಯ ಅಲ್ಲ. ದಿನವೂ ಒಂದೇ ವೇಗದಲ್ಲಿ, ಒಂದೇ ಮಟ್ಟದಲ್ಲಿ ಕೊಡುತ್ತಾ ಹೋದರೆ ದೇಹ ಅದಕ್ಕೆ ಒಗ್ಗಿಕೊಂಡು ಪರಿಣಾಮ ಇಳಿಯುತ್ತದೆ. ಪ್ರಾಣಿಗಳಲ್ಲಿ ನಾಲ್ಕೈದು ದಿನದಲ್ಲೇ ಹೀಗಾಗುವುದು ಕಂಡಿದೆ. ವೇಗ ಬದಲಿಸುತ್ತಿದ್ದರೆ ಅದು ತಡವಾಗುತ್ತದೆ. 'ಮೊದಲ ವಾರ ಚೆನ್ನಾಗಿತ್ತು, ಆಮೇಲೆ ಏನೂ ಇಲ್ಲ' ಅಂತ ಮಷಿನ್ ಅಟ್ಟಕ್ಕೆ ಹಾಕುವವರ ಕಥೆಯಲ್ಲಿ ಬಹಳ ಸಲ ಇದೇ ಕಾರಣ ಇರುತ್ತದೆ.

ಈಗ ಕಹಿ ಮಾತು. ಟೆನ್ಸ್ ಬಗ್ಗೆ ವೈದ್ಯಲೋಕದಲ್ಲಿ ಒಮ್ಮತ ಇಲ್ಲ. ಕೀಲುರೋಗ ತಜ್ಞರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ 2019ರ ಮಾರ್ಗಸೂಚಿಯಲ್ಲಿ ಮೊಣಕಾಲು ಸವೆತಕ್ಕೆ ಟೆನ್ಸ್ ಬೇಡ ಅಂತ ಸ್ಪಷ್ಟವಾಗಿ ಹೇಳಿದೆ. ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಸೊಂಟ ನೋವಿಗೆ ಬೇಡ ಅಂದಿತು. ಸ್ವಿಟ್ಜರ್ಲೆಂಡಿನಲ್ಲಿ ಮೊಣಕಾಲು ಸವೆತದ 220 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ, ನಿಜವಾದ ಮಷಿನ್‌ಗೂ ಕರೆಂಟ್ ಬರದ ಡಮ್ಮಿ ಮಷಿನ್‌ಗೂ ಮೂರು ವಾರದ ಕೊನೆಗೆ ವ್ಯತ್ಯಾಸ ಕಾಣಲಿಲ್ಲ. ಮಾರುವವರು ಇದನ್ನು ಹೇಳುವುದಿಲ್ಲ. ನಿಮಗೆ ಗೊತ್ತಿರಬೇಕು.

ಇನ್ನೊಂದು ಕಡೆಯೂ ಇದೆ. 2022ರಲ್ಲಿ ಬಿಎಂಜೆ ಓಪನ್ ಪತ್ರಿಕೆಯಲ್ಲಿ 381 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಪರಿಶೀಲನೆ ಬಂತು. ಮಷಿನ್ ಹಾಕಿಕೊಂಡಿರುವಾಗ ಮತ್ತು ತೆಗೆದ ತಕ್ಷಣ ನೋವು ಡಮ್ಮಿಗಿಂತ ಕಡಿಮೆ ಇರುತ್ತದೆ, ಗಂಭೀರ ಅಡ್ಡಪರಿಣಾಮ ಕಂಡಿಲ್ಲ ಎಂದು ಅದು ಹೇಳಿತು. 2020ರಲ್ಲಿ ಅಮೆರಿಕದಲ್ಲಿ ಫೈಬ್ರೊಮಯಾಲ್ಜಿಯ ಇರುವ 301 ಮಹಿಳೆಯರ ಮೇಲೆ ನಡೆದ ಅಧ್ಯಯನ ನನಗೆ ಇನ್ನೂ ಮುಖ್ಯ ಅನಿಸುತ್ತದೆ. ಫೈಬ್ರೊಮಯಾಲ್ಜಿಯ ಅಂದರೆ ಮೈಯೆಲ್ಲ ನೋಯುವ ಕಾಯಿಲೆ. ಮನೆಯಲ್ಲಿ ದಿನಕ್ಕೆ ಎರಡು ಗಂಟೆ, ಕೆಲಸ ಮಾಡುತ್ತಾ ಓಡಾಡುತ್ತಾ ಮಷಿನ್ ಹಾಕಿಕೊಳ್ಳಲು ಅವರಿಗೆ ಹೇಳಿದ್ದರು. ನಾಲ್ಕು ವಾರದ ನಂತರ ಅಳೆದದ್ದು ಓಡಾಡುವಾಗಿನ ನೋವನ್ನು. ಆ ನೋವು ಮೂವತ್ತು ಶೇಕಡಾ ಅಥವಾ ಅದಕ್ಕಿಂತ ಹೆಚ್ಚು ಇಳಿದವರು ಟೆನ್ಸ್ ಗುಂಪಿನಲ್ಲಿ ಶೇ. 44, ಡಮ್ಮಿ ಗುಂಪಿನಲ್ಲಿ ಶೇ. 22, ಏನೂ ಇಲ್ಲದ ಗುಂಪಿನಲ್ಲಿ ಶೇ. 14.

ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನ್ನ ತೀರ್ಮಾನ ಹೀಗೆ. ಟೆನ್ಸ್ ಸವೆತವನ್ನು ಸರಿಮಾಡುವುದಿಲ್ಲ. ಮೂರು ವಾರ ಹಾಕಿ ತೆಗೆದಿಟ್ಟರೆ ಆಮೇಲೂ ನೋವಿಲ್ಲದೆ ಇರಬಹುದು ಅನ್ನುವುದು ಸುಳ್ಳು ಆಸೆ. ಅದು ಕೊಡುವುದು ಒಂದಿಷ್ಟು ಹೊತ್ತಿನ ಬಿಡುವು. ಕರೆಂಟ್ ಇದ್ದಷ್ಟು ಹೊತ್ತು, ತೆಗೆದ ಮೇಲೆ ಸ್ವಲ್ಪ ಹೊತ್ತು. ನಿಮ್ಮ ತಾಯಿಗೆ ಕ್ಲಿನಿಕ್‌ನಲ್ಲಿ ಹಾಯೆನಿಸಿ ಮನೆಗೆ ಬರುವಷ್ಟರಲ್ಲಿ ಮತ್ತೆ ನೋವು ಬಂತು ಅಂದಿರಲ್ಲ, ಅದು ಚಿಕಿತ್ಸೆ ಸೋತದ್ದಲ್ಲ. ಅದರ ಗುಣವೇ ಅಷ್ಟು. ಆ ಬಿಡುವನ್ನು ಅವರು ಹಾಸಿಗೆಯ ಮೇಲೆ ಮಲಗಿ ಕಳೆದರು, ಅಷ್ಟೇ ವ್ಯತ್ಯಾಸ.

ಟೆನ್ಸ್ ಬೇಡ ಎಂದ ಅದೇ ಅಮೆರಿಕದ ಮಾರ್ಗಸೂಚಿ ಮೊಣಕಾಲಿಗೆ ಬಲವಾಗಿ ಹೇಳಿದ್ದು ಏನು ಗೊತ್ತಾ? ವ್ಯಾಯಾಮ, ತೂಕ ಜಾಸ್ತಿ ಇದ್ದರೆ ಇಳಿಸುವುದು, ಕೈಯಲ್ಲಿ ಒಂದು ಕೋಲು. ನನ್ನ ಮಟ್ಟಿಗೆ ಮೊಣಕಾಲಿನ ನಿಜವಾದ ಔಷಧಿ ತೊಡೆಯ ಮುಂಭಾಗದ ಸ್ನಾಯು. ಅದು ಗಟ್ಟಿಯಾದರೆ ಕೀಲಿನ ಮೇಲಿನ ಭಾರ ಇಳಿಯುತ್ತದೆ. ಆದರೆ ನೋಯುವ ಕಾಲಿನಲ್ಲಿ ವ್ಯಾಯಾಮ ಮಾಡಿ ಅಂದರೆ ಯಾರು ಮಾಡುತ್ತಾರೆ? ನಾಲ್ಕು ದಿನ ಮಾಡಿ ಬಿಡುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ನೋವೇ ಅವರನ್ನು ತಡೆಯುತ್ತದೆ. ಮಾತ್ರೆಯ ದಾರಿ ಮುಚ್ಚಿರುವ ನಿಮ್ಮ ತಾಯಿಯಂಥವರಿಗೆ ಆ ತಡೆಯನ್ನು ದಾಟಿಸುವ ಕೆಲಸಕ್ಕೆ ಟೆನ್ಸ್ ಬೇಕು. ಹಾಗಾಗಿ ಮಷಿನ್ ಹಾಕಿಕೊಂಡೇ ನಡೆಯಬೇಕು, ಹಾಕಿಕೊಂಡೇ ವ್ಯಾಯಾಮ ಮಾಡಬೇಕು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಕ್ಲಿಪ್ ಅದರಲ್ಲಿ ಇರುವುದೇ ಅದಕ್ಕೆ.

ಹಾಕುವ ಮುಂಚೆ ಒಂದು ಪರೀಕ್ಷೆ ಆಗಲೇಬೇಕು, ಯಾಕೆಂದರೆ ಶುಗರ್ ಇದೆ. ಶುಗರ್‌ನಿಂದ ನರ ಸೊರಗಿದರೆ ಮೊದಲು ಪಾದದಲ್ಲಿ ಸ್ಪರ್ಶ ಹೋಗುತ್ತದೆ, ಆಮೇಲೆ ಮೇಲಕ್ಕೆ ಏರುತ್ತದೆ. ಸ್ಪರ್ಶ ಇಲ್ಲದ ಜಾಗದಲ್ಲಿ ಕರೆಂಟ್ ಎಷ್ಟಾಯಿತು ಅಂತ ಅವರಿಗೆ ಗೊತ್ತಾಗುವುದಿಲ್ಲ. ಚರ್ಮ ಸುಟ್ಟರೂ ತಿಳಿಯುವುದಿಲ್ಲ. ತಾಯಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ. ಮೊಣಕಾಲಿನ ಸುತ್ತ, ಸೊಂಟದ ಮೇಲೆ, ಒಮ್ಮೆ ಹತ್ತಿಯಿಂದ ಸವರಿ, ಒಮ್ಮೆ ಪೆನ್ನಿನ ತುದಿಯಿಂದ ಮೆಲ್ಲಗೆ ಒತ್ತಿ. ಯಾವುದು ಮೃದು, ಯಾವುದು ಚೂಪು ಎಂದು ಪ್ರತಿ ಸಲ ಸರಿಯಾಗಿ ಹೇಳಬೇಕು. ಕೆನ್ನೆಯ ಮೇಲೆ ಹೇಗನಿಸುತ್ತದೋ ಮೊಣಕಾಲಿನ ಮೇಲೂ ಹಾಗೇ ಅನಿಸಬೇಕು. ತಡವರಿಸಿದರೆ ಅಲ್ಲಿ ಪ್ಯಾಡ್ ಹಾಕಬೇಡಿ, ಫಿಸಿಯೋಗೆ ತೋರಿಸಿ. ಪಾದ ಮರಗಟ್ಟಿದ್ದು ಮೊಣಕಾಲು ಸರಿಯಾಗಿದ್ದರೆ, ಮೊಣಕಾಲಿಗೆ ಹಾಕಬಹುದು.

ಚರ್ಮ ಶುಚಿಯಾಗಿರಬೇಕು. ನಮ್ಮ ಮನೆಗಳಲ್ಲಿ ಮೊಣಕಾಲಿಗೆ ನೋವಿನ ಎಣ್ಣೆ, ಬಾಮ್ ಸದಾ ಇರುತ್ತದೆ. ಅದರ ಮೇಲೆ ಪ್ಯಾಡ್ ಹಾಕಿದರೆ ಅಂಟುವುದಿಲ್ಲ, ಕರೆಂಟ್ ಒಂದೇ ಕಡೆ ಸೇರಿ ಚುಚ್ಚುತ್ತದೆ. ಸೋಪು ಹಾಕಿ ತೊಳೆದು ಒಣಗಿಸಿ ಆಮೇಲೆ ಅಂಟಿಸಿ. ಎಣ್ಣೆ ಹಚ್ಚಲೇಬೇಕು ಅಂದರೆ ಮಷಿನ್ ತೆಗೆದ ಮೇಲೆ ಹಚ್ಚಲಿ.

ಮೊಣಕಾಲಿಗೆ ನಾಲ್ಕು ಪ್ಯಾಡ್ ಬೇಕು. ಎರಡು ಚಿಪ್ಪಿನ ಮೇಲ್ಗಡೆ ಎಡಬಲಕ್ಕೆ, ಎರಡು ಕೆಳಗಡೆ ಎಡಬಲಕ್ಕೆ. ಚಿಪ್ಪಿನ ಮೇಲೆ ನೇರವಾಗಿ ಬೇಡ, ಮಡಚಿದಾಗ ಕಿತ್ತುಬರುತ್ತದೆ. ಸೊಂಟಕ್ಕೆ ಬೆನ್ನೆಲುಬಿನ ಎರಡೂ ಪಕ್ಕ, ನೋಯುವ ಜಾಗವನ್ನು ನಡುವೆ ಬಿಟ್ಟು ಅಂಟಿಸಿ. ಪ್ಯಾಡ್‌ಗಳು ಒಂದಕ್ಕೊಂದು ತಾಗಬಾರದು, ನಡುವೆ ಒಂದೆರಡು ಅಂಗುಲ ಇರಲಿ. ಒಂದು ದಿನಕ್ಕೆ ಎಲ್ಲಿ ನೋವು ಜಾಸ್ತಿಯೋ ಅಲ್ಲಿಗೆ ಹಾಕಿ. ಎಲ್ಲ ಕಡೆ ಒಟ್ಟಿಗೆ ಹಾಕಲು ಹೋಗಬೇಡಿ.

ಸೆಟ್ಟಿಂಗ್ ವಿಷಯಕ್ಕೆ ಬಂದರೆ, ಪಲ್ಸಿನ ವೇಗ 80ರಿಂದ 120 ಹರ್ಟ್ಸ್, ಪಲ್ಸಿನ ಅಗಲ 100ರಿಂದ 200 ಮೈಕ್ರೊಸೆಕೆಂಡ್. ಇದರಿಂದ ಶುರು ಮಾಡಿ. ಮಷಿನ್‌ನಲ್ಲಿ ಮಾಡ್ಯುಲೇಶನ್ ಅಂತ ಒಂದು ಮೋಡ್ ಇರುತ್ತದೆ, ಅದು ವೇಗವನ್ನು ತಾನಾಗಿ ಏರಿಳಿಸುತ್ತದೆ. ಒಗ್ಗಿಕೊಳ್ಳುವುದನ್ನು ತಡೆಯಲು ದಿನ ಬಿಟ್ಟು ದಿನ ಅದನ್ನು ಹಾಕಿ. 2ರಿಂದ 4 ಹರ್ಟ್ಸ್‌ನ ನಿಧಾನದ ಮೋಡ್‌ನಲ್ಲಿ ಸ್ನಾಯು ಟಕ್ ಟಕ್ ಎಂದು ಅದುರುತ್ತದೆ. ಕುಳಿತಾಗ ಸರಿ, ನಡೆಯುವಾಗ ಅದು ತೊಡಕು.

ಇಷ್ಟೆಲ್ಲ ಸರಿ ಮಾಡಿ ಕರೆಂಟಿನ ಮಟ್ಟ ಕಡಿಮೆ ಇಟ್ಟರೆ ಎಲ್ಲ ವ್ಯರ್ಥ. ಟೆನ್ಸ್ ಕೆಲಸ ಮಾಡಲಿಲ್ಲ ಅನ್ನುವವರಲ್ಲಿ ನಾನು ಮೊದಲು ನೋಡುವುದೇ ಇದನ್ನು. ಹಿರಿಯರಿಗೆ ಕರೆಂಟ್ ಅಂದರೆ ಭಯ. ಸ್ವಲ್ಪ ಜುಮ್ ಅನ್ನುತ್ತಿದ್ದಂತೆ 'ಸಾಕು ಸಾಕು' ಅನ್ನುತ್ತಾರೆ. ಅಷ್ಟಕ್ಕೇ ನಿಲ್ಲಿಸಿದರೆ ಡಮ್ಮಿ ಮಷಿನ್‌ಗೂ ಅದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಹಲವು ಅಧ್ಯಯನಗಳಲ್ಲೂ ಹೀಗೇ ಕಡಿಮೆ ಮಟ್ಟ ಬಳಸಿರುವುದು, ಫಲಿತಾಂಶ ಗೊಂದಲವಾಗಿರುವುದಕ್ಕೆ ಒಂದು ಕಾರಣ ಎಂದು ಈ ಕ್ಷೇತ್ರದವರು ವಾದಿಸುತ್ತಾರೆ. ನನಗೂ ಅದು ಸರಿ ಅನಿಸುತ್ತದೆ. ಮೆಲ್ಲಗೆ ಏರಿಸುತ್ತಾ ಹೋಗಿ. ಜೋರಾಗಿ ಜುಮ್ಮೆನ್ನಬೇಕು, ಆದರೆ ನೋಯಬಾರದು. ನೋವು ಅನಿಸಿದ ಕೂಡಲೇ ಒಂದು ಹೆಜ್ಜೆ ಇಳಿಸಿ, ಅಲ್ಲಿ ನಿಲ್ಲಿಸಿ. ಐದು ಹತ್ತು ನಿಮಿಷದಲ್ಲಿ ಜುಮ್ಮೆನ್ನುವುದು ಮಂಕಾಗುತ್ತದೆ. ಆಗ ಇನ್ನೊಂದು ಹೆಜ್ಜೆ ಏರಿಸಿ. ಪರದೆಯ ಮೇಲಿನ ಅಂಕಿ ನೋಡಬೇಡಿ, ತಾಯಿಯ ಮುಖ ನೋಡಿ, ಅವರನ್ನೇ ಕೇಳಿ. ಗುಂಡಿ ಅವರ ಕೈಯಲ್ಲೇ ಇರಲಿ. ತಾನೇ ಏರಿಸಿ ಇಳಿಸಲು ಬಂದರೆ ಭಯ ಅರ್ಧ ಹೋಗುತ್ತದೆ.

ಒಂದು ಸಲಕ್ಕೆ ಮೂವತ್ತರಿಂದ ಅರವತ್ತು ನಿಮಿಷ. ದಿನಕ್ಕೆ ಎರಡು ಸಲ ಸಾಕು. ಯಾವ ಹೊತ್ತಿಗೆ ಅನ್ನುವುದನ್ನು ಅವರ ದಿನಚರಿ ನೋಡಿ ನಿರ್ಧರಿಸಿ. ಬೆಳಗ್ಗೆ ಎದ್ದಾಗ ಕಾಲು ಹಿಡಿದುಕೊಂಡಿರುತ್ತದೆ. ಅಡುಗೆಮನೆಯಲ್ಲಿ ನಿಲ್ಲಬೇಕು. ಆಗ ಒಂದು ಸಲ ಹಾಕಿ. ಸಂಜೆ ನಡೆಯಲು ಹೋಗುವಾಗ ಇನ್ನೊಂದು ಸಲ. ಕಾಫಿಯ ಬಗ್ಗೆ ಒಂದು ಮಾತು: ಕೆಫೀನ್ ಕುಡಿದರೆ ಟೆನ್ಸ್‌ನ ಪರಿಣಾಮ ತಗ್ಗುತ್ತದೆ ಎಂದು 1995ರ ಒಂದು ಸಣ್ಣ ಅಧ್ಯಯನ ತೋರಿಸಿತ್ತು. ಸಣ್ಣ ಅಧ್ಯಯನ, ಅದರ ಮೇಲೆ ಜಾಸ್ತಿ ಭಾರ ಹಾಕಬಾರದು. ಆದರೂ ಬೆಳಗಿನ ಸ್ಟ್ರಾಂಗ್ ಫಿಲ್ಟರ್ ಕಾಫಿಯನ್ನು ಮಷಿನ್ ತೆಗೆದ ಮೇಲೆ ಕುಡಿದರೆ ನಷ್ಟವೇನಿಲ್ಲ.

ವ್ಯಾಯಾಮಕ್ಕೆ ಮೂರೇ ಸಾಕು, ಶುರುವಿನಲ್ಲಿ. ಕುರ್ಚಿಯ ಮೇಲೆ ಕುಳಿತು ಒಂದು ಕಾಲನ್ನು ನೇರವಾಗಿ ಎತ್ತಿ, ಐದು ಎಣಿಸುವವರೆಗೆ ಹಿಡಿದು, ಮೆಲ್ಲಗೆ ಇಳಿಸುವುದು. ಮಂಚದ ಮೇಲೆ ಕಾಲು ಚಾಚಿ, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಒತ್ತುವುದು. ಎತ್ತರದ ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಒಂದೊಂದು ಹತ್ತು ಸಲ. ಮೂರನೆಯದು ಕಷ್ಟ, ಆದರೆ ಅದೇ ಹೆಚ್ಚು ಕೆಲಸಕ್ಕೆ ಬರುವುದು, ಯಾಕೆಂದರೆ ಬಚ್ಚಲಿನಲ್ಲಿ, ಬಸ್ಸಿನಲ್ಲಿ, ದೇವರ ಮನೆಯಲ್ಲಿ ಅವರಿಗೆ ಬೇಕಾಗಿರುವುದು ಅದೇ. ಮೊದಲ ವಾರ ಕುರ್ಚಿಯ ಮೇಲೆ ಎರಡು ದಿಂಬು ಇಟ್ಟು ಎತ್ತರ ಮಾಡಿ, ಆಮೇಲೆ ಒಂದು, ಆಮೇಲೆ ಬರೀ ಕುರ್ಚಿ. ನಡಿಗೆ ಹತ್ತು ನಿಮಿಷದಿಂದ ಶುರುವಾಗಲಿ, ಸಮತಟ್ಟಾದ ಜಾಗದಲ್ಲಿ. ಹಾಂ, ಟೆನ್ಸ್ ಹಾಕಿದಾಗ ನೋವು ತಿಳಿಯುವುದಿಲ್ಲ ಎಂದು ಮೂರು ಮಹಡಿ ಹತ್ತಿಳಿಯುವುದು, ನೀರಿನ ಕೊಡ ಎತ್ತುವುದು ಮಾತ್ರ ಬೇಡ. ಮರುದಿನ ಬೆಳಗ್ಗೆ ನೋವು ಎಂದಿಗಿಂತ ಜಾಸ್ತಿ ಇದ್ದರೆ ಹಿಂದಿನ ದಿನ ಮಾಡಿದ್ದು ಹೆಚ್ಚಾಯಿತು ಅಂತ ತಿಳಿದು ಸ್ವಲ್ಪ ಇಳಿಸಿ.

ನರಗಳಿಗೆ ತೊಂದರೆ ಆಗುತ್ತದಾ ಅಂತ ಕೇಳಿದ್ದೀರಿ. ಇಲ್ಲ. ಬ್ಯಾಟರಿಯಿಂದ ನಡೆಯುವ ಮಷಿನ್, ಬರುವುದು ಕೆಲವು ಹತ್ತು ಮಿಲಿಆಂಪ್, ಅದೂ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಸಣ್ಣ ಪಲ್ಸ್‌ಗಳಲ್ಲಿ. ಚಟ ಹಿಡಿಯುವುದಿಲ್ಲ, ಕಿಡ್ನಿ ಲಿವರ್ ಮುಟ್ಟುವುದಿಲ್ಲ. ಸಾಮಾನ್ಯವಾಗಿ ಆಗುವ ತೊಂದರೆ ಅಂದರೆ ಪ್ಯಾಡಿನ ಅಂಟಿನಿಂದ ಚರ್ಮ ಕೆಂಪಾಗುವುದು, ತುರಿಸುವುದು. ತೆಗೆದಾಗ ತೆಳು ಗುಲಾಬಿ ಬಣ್ಣ ಇದ್ದು ಸ್ವಲ್ಪ ಹೊತ್ತಿಗೆ ಹೋದರೆ ಚಿಂತೆ ಇಲ್ಲ. ಗುಳ್ಳೆ, ಸುಟ್ಟಂಥ ಕಲೆ ಕಂಡರೆ ನಿಲ್ಲಿಸಿ. ಶುಗರ್ ಇರುವುದರಿಂದ ಪ್ರತಿ ಸಲ ತೆಗೆದ ಮೇಲೆ ಚರ್ಮವನ್ನು ನೀವೇ ನೋಡಿ.

ಕೆಲವು ಜಾಗಗಳಿಗೆ ಯಾರೂ ಹಾಕಬಾರದು. ಕತ್ತಿನ ಮುಂಭಾಗ ಮತ್ತು ಪಕ್ಕ, ಯಾಕೆಂದರೆ ಅಲ್ಲಿಯ ನರ ಕೆರಳಿದರೆ ಬಿಪಿ ತಟ್ಟನೆ ಇಳಿಯಬಹುದು. ಎದೆಗೆ ಅಡ್ಡವಾಗಿ, ತಲೆಗೆ, ಕಣ್ಣಿನ ಮೇಲೆ, ಗಾಯದ ಮೇಲೆ, ಕ್ಯಾನ್ಸರ್ ಗಡ್ಡೆ ಇರುವಲ್ಲಿ, ರಕ್ತ ಹೆಪ್ಪುಗಟ್ಟಿದ ಕಾಲಿಗೆ ಬೇಡ. ಗರ್ಭಿಣಿಯರು ಹೊಟ್ಟೆ ಸೊಂಟಕ್ಕೆ ಹಾಕಿಕೊಳ್ಳಬಾರದು. ಫಿಟ್ಸ್ ಇರುವವರು ಡಾಕ್ಟರನ್ನು ಕೇಳದೆ ಬಳಸಬಾರದು. ಸ್ನಾನ ಮಾಡುವಾಗ, ಗಾಡಿ ಓಡಿಸುವಾಗ, ನಿದ್ದೆ ಮಾಡುವಾಗ ಬೇಡ. ಚಾರ್ಜರ್ ಸಿಕ್ಕಿಸಿಟ್ಟು ಬಳಸಬೇಡಿ.

ಕೊಳ್ಳುವಾಗ ಗೊಂದಲ ಆಗುವುದು ಸಹಜ, ಒಂದೇ ಥರ ಕಾಣುವ ಹಲವು ವಸ್ತುಗಳಿವೆ. ಕ್ಲಿನಿಕ್‌ನಲ್ಲಿ ನಿಮ್ಮ ತಾಯಿಗೆ ಕೊಟ್ಟದ್ದು ಬಹುಶಃ ಐಎಫ್‌ಟಿ. ಅದು ಸುಮಾರು 4000 ಹರ್ಟ್ಸ್‌ನ ಎರಡು ಕರೆಂಟ್‌ಗಳನ್ನು ಅಡ್ಡಡ್ಡ ಹಾಯಿಸುವ ದೊಡ್ಡ ಮಷಿನ್, ಗೋಡೆಯ ಕರೆಂಟಿಗೆ ಸಿಕ್ಕಿಸುವುದು. ಮನೆಗೆ ಬೇಕಾದದ್ದು ಅದಲ್ಲ. ಇಎಂಎಸ್ ಅಂತ ಬರೆದದ್ದು ಸ್ನಾಯು ಕುಣಿಸುವ ಮಷಿನ್, ಅದೂ ಅಲ್ಲ. ಕಾಲು ಇಡುವ ಚಾಪೆ, ಸೊಂಟದ ಪಟ್ಟಿ, ಮೂವತ್ತು ಮೋಡ್ ಇರುವ ಮಸಾಜರ್, ಇವುಗಳ ಹಿಂದೆ ಹೋಗಬೇಡಿ. ಎರಡು ಚಾನೆಲ್ (ಒಂದೊಂದು ಜೋಡಿ ಪ್ಯಾಡ್‌ಗೆ ಕರೆಂಟ್ ಕಳಿಸುವ ದಾರಿ), ನಾಲ್ಕು ಪ್ಯಾಡ್, ಎರಡೂ ಚಾನೆಲ್‌ಗೆ ಬೇರೆ ಬೇರೆ ಗುಂಡಿ, ವೇಗ ಮತ್ತು ಅಗಲವನ್ನು ನಾವೇ ಬದಲಿಸುವ ಅವಕಾಶ. ಇಷ್ಟಿದ್ದರೆ ಸಾಕು. ಅದೇ ಅಳತೆಯ ಪ್ಯಾಡ್ ಆಮೇಲೂ ಸಿಗುತ್ತದಾ ಎಂದು ಮೊದಲೇ ನೋಡಿ. ಪ್ಯಾಡ್ ಕೆಲವು ವಾರದಲ್ಲಿ ಅಂಟು ಕಳೆದುಕೊಳ್ಳುತ್ತದೆ. ಬಳಸಿದ ಮೇಲೆ ಅದರ ಪ್ಲಾಸ್ಟಿಕ್ ಹಾಳೆಗೇ ಅಂಟಿಸಿಡಿ. ಒಣಗಿದ್ದರೆ ಒಂದು ಹನಿ ನೀರು ಸವರಿ. ಅಂಚು ಎದ್ದ ಪ್ಯಾಡ್ ಬಿಸಾಡಿ. ಹಳೆಯ ಪ್ಯಾಡ್‌ನಿಂದ ಸುಟ್ಟ ಗಾಯ ಆಗಬಹುದು.

ಆದರೆ ದುಡ್ಡು ಕೊಡುವ ಮುಂಚೆ, ಆ ಫಿಸಿಯೋ ಹತ್ತಿರ ಒಂದು ವಾರಕ್ಕೆ ಮಷಿನ್ ಬಾಡಿಗೆಗೆ ಸಿಗುತ್ತದಾ ಕೇಳಿ. ಸಿಗದಿದ್ದರೆ, ಅವರ ಎದುರಿಗೇ ಒಂದೆರಡು ಸಲ ಟೆನ್ಸ್ ಹಾಕಿಸಿ ನಡೆದು ನೋಡಲಿ. ಪ್ಯಾಡ್ ಎಲ್ಲಿ ಹಾಕಬೇಕು ಎಂದು ಅವರಿಂದ ಪೆನ್ನಿನಲ್ಲಿ ಗುರುತು ಹಾಕಿಸಿಕೊಂಡು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ.

ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಕ್ಯಾಲೆಂಡರಿನಲ್ಲಿ ಬರೆದಿಡಿ. ಕುರ್ಚಿಯಿಂದ ಏಳುವಾಗ ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು? ಮಷಿನ್ ಇಲ್ಲದೆ ಒಂದು ಅಂಕಿ, ಹಾಕಿ ಅರ್ಧ ಗಂಟೆಯ ಮೇಲೆ ಒಂದು ಅಂಕಿ. ಅದರ ಪಕ್ಕ ಎಷ್ಟು ಹೊತ್ತು ನಡೆದರು ಎಂದು. ಕುಳಿತಾಗಿನ ನೋವನ್ನು ಕೇಳಬೇಡಿ, ಸವೆತದಲ್ಲಿ ಅದು ಹೇಗೂ ಕಡಿಮೆ. ಎರಡು ವಾರದಲ್ಲಿ ಏಳುವಾಗಿನ ನೋವು ಏಳರಿಂದ ಐದಕ್ಕೋ ನಾಲ್ಕಕ್ಕೋ ಇಳಿಯುತ್ತಿದ್ದರೆ, ನಡಿಗೆ ಬೆಳೆಯುತ್ತಿದ್ದರೆ ಮುಂದುವರಿಸಿ. ಕರೆಂಟಿನ ಮಟ್ಟ ಸರಿಯಾಗಿಟ್ಟೂ ಒಂದಂಕಿಯೂ ಅಲ್ಲಾಡದಿದ್ದರೆ ಇದು ಅವರಿಗೆ ಹಿಡಿಸಲಿಲ್ಲ ಎಂದರ್ಥ. ಬಿಟ್ಟುಬಿಡಿ, ಇನ್ನೂ ದುಬಾರಿ ಮಷಿನ್ ಹುಡುಕಬೇಡಿ. ವ್ಯಾಯಾಮ ಮಾತ್ರ ಬಿಡಬೇಡಿ, ಬಿಸಿನೀರಿನ ಚೀಲದ ಶಾಖ ಕೊಟ್ಟಾದರೂ ಮಾಡಿಸಿ. ಮೂರು ತಿಂಗಳು ಕಳೆದು ತೊಡೆ ಗಟ್ಟಿಯಾದ ಮೇಲೆ ಮಷಿನ್ ಅವಧಿಯನ್ನು ಕಡಿಮೆ ಮಾಡುತ್ತಾ ಬನ್ನಿ. ನೋವು ಕೆರಳಿದ ದಿನಕ್ಕೆ ಮಾತ್ರ ಉಳಿಸಿಕೊಂಡರೆ ಒಗ್ಗಿಕೊಳ್ಳುವ ತೊಂದರೆಯೂ ಇರುವುದಿಲ್ಲ.

ಬೆನ್ನುಹುರಿಯ ಹತ್ತಿರ ಎಲೆಕ್ಟ್ರೋಡ್ ಇಡುವ ಆಪರೇಶನ್ ಬಗ್ಗೆ ಯಾರಾದರೂ ಹೇಳಿದರೆ, ಅದು ಬೇರೆ ರೋಗಿಗಳಿಗೆ. ಬೆನ್ನಿನ ಆಪರೇಶನ್ ಆದ ಮೇಲೂ ಕಾಲಿಗೆ ಇಳಿಯುವ ನರದ ನೋವು ಉಳಿದವರಿಗೆ, ಬೇರೆ ಏನೂ ಕೆಲಸ ಮಾಡದಿದ್ದಾಗ, ಕೆಲವು ದಿನ ಪರೀಕ್ಷೆಗೆ ಇಟ್ಟು ನೋಡಿ ಆಮೇಲೆ ಒಳಗೆ ಕೂರಿಸುತ್ತಾರೆ. ಮೊಣಕಾಲು ಸವೆತಕ್ಕೆ ಅದು ದಾರಿಯಲ್ಲ.

ಕೊನೆಯದಾಗಿ, ಈ ಲಕ್ಷಣಗಳು ಕಂಡರೆ ಪ್ಯಾಡ್ ಹಾಕುತ್ತಾ ಕೂರಬೇಡಿ. ಮೊಣಕಾಲು ಇದ್ದಕ್ಕಿದ್ದಂತೆ ಊದಿ ಬಿಸಿಯಾಗಿ ಜ್ವರ ಬಂದರೆ, ಮೀನಖಂಡ ಒಂದೇ ಕಡೆ ಊದಿ ನೋಯುತ್ತಿದ್ದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ಅದೇ ದಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಸೊಂಟ ನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ ಬೆಳಗಾಗಲಿ ಅಂತ ಕಾಯದೆ ರಾತ್ರಿಯಾದರೂ ದೊಡ್ಡ ಆಸ್ಪತ್ರೆಗೆ ಹೋಗಿ.